ಕ್ಯಾನ್ಸರ್‌ನ ಅಂಚು ಎಲ್ಲಿ? ಒಂದು ಮುಲಾಮು, ಒಂದು ನಕ್ಷೆಯ ಕಥೆ

(ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ)

 

ಇವತ್ತಿನ ಕಥೆ ನಮ್ಮಜ್ಜಿಯಿಂದ ಶುರು ಮಾಡ್ತೀನಿ. ನಮ್ಮಜ್ಜಿ ಹತ್ರ ನರೂಲಿಗೆ ಒಂದು ಔಷಧಿ ಇತ್ತು. ಎಲೆ ಅಡಿಕೆ ಡಬ್ಬಿಯಿಂದ ಒಂದು ಚಿಟಿಕೆ ಸುಣ್ಣ, ಅದಕ್ಕೆ ಬಟ್ಟೆ ಒಗೆಯೋ ಸೋಡಾ. ಎರಡನ್ನೂ ಕಲಸಿ ಕಡ್ಡಿ ತುದಿಯಲ್ಲಿ ನರೂಲಿ ಮೇಲೆ ಇಡೋರು. ಉರಿ ಅಂದ್ರೆ ಉರಿ! ನಾಲ್ಕೈದು ದಿನಕ್ಕೆ ಅದು ಕಪ್ಪಗೆ ಹಕ್ಕಳೆ ಕಟ್ಟಿ ಉದುರೋದು. ಅಜ್ಜಿ ಖುಷಿಯಿಂದ, "ನೋಡು, ಬೇರು ಸಮೇತ ಹೋಯ್ತು" ಅನ್ನೋರು. ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿರಬಹುದು.

ನನಗೆ ಈಗ ಅನ್ನಿಸೋ ಪ್ರಶ್ನೆ ಒಂದೇ. ಬೇರು ಸಮೇತ ಹೋಯ್ತು ಅಂತ ಅಜ್ಜಿಗೆ ಹೇಗೆ ಗೊತ್ತಾಯ್ತು? ನರೂಲಿ ಆಗಿದ್ರೆ ದೊಡ್ಡ ನಷ್ಟ ಇಲ್ಲ ಬಿಡಿ. ಆದ್ರೆ ಅದು ನರೂಲಿನೇ ಆಗಿರದಿದ್ರೆ?

ಈ ಪ್ರಶ್ನೆಯನ್ನ ಕೇಳಿ, ಅದಕ್ಕೆ ಉತ್ತರ ಕಂಡುಕೊಂಡ ಒಬ್ಬ ಡಾಕ್ಟರ್ ಇದ್ದರು. ಅಮೆರಿಕದ ವಿಸ್ಕಾನ್ಸಿನ್‌ನವರು. ಹೆಸರು ಫ್ರೆಡೆರಿಕ್ ಮೋಸ್. ಹೌದು, ಹೆಸರು ಮೋಸ್. ಹೈಸ್ಕೂಲ್‌ನಲ್ಲಿ ಖನಿಜಗಳ ಗಡಸುತನಕ್ಕೆ ಮೋಸ್ ಮಾಪಕ ಅಂತ ಓದಿರ್ತೀರಲ್ಲ, ಆ ಮೋಸ್ ಬೇರೆ, ಜರ್ಮನಿಯ ಖನಿಜ ವಿಜ್ಞಾನಿ. ಈ ಮೋಸ್ ವೈದ್ಯರು. ವಿಚಿತ್ರ ಅಂದ್ರೆ, ಕನ್ನಡದಲ್ಲಿ ಅವರ ಹೆಸರಿನ ಅರ್ಥ ಏನೋ, ಅದನ್ನೇ ಅವರ ಕಾಲದ ಎಷ್ಟೋ ಸರ್ಜನ್‌ಗಳು ಅವರ ಬಗ್ಗೆ ಅಂದುಕೊಂಡಿದ್ದರು. ಯಾಕೆ ಅಂತ ಹೇಳ್ತೀನಿ. ಅದಕ್ಕೂ ಮೊದಲು ಕಾಯಿಲೆ ಯಾವುದು ಅಂತ ತಿಳ್ಕೊಳ್ಳೋಣ.

ಕಾಯಿಲೆಯ ಹೆಸರು ಬೇಸಲ್ ಸೆಲ್ ಕಾರ್ಸಿನೋಮ. ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ ಒಂದು ಸಾಲು ಕೋಶಗಳಿವೆ. ಅವೇ ಬೇಸಲ್ ಸೆಲ್‌ಗಳು, ತಳದ ಕೋಶಗಳು. ಅವುಗಳ ರೀತಿಯ ಕೋಶಗಳು ಲಂಗುಲಗಾಮಿಲ್ಲದೆ ಬೆಳೆದಾಗ ಈ ಕ್ಯಾನ್ಸರ್ ಆಗುತ್ತೆ. ಮುಖ್ಯ ಕಾರಣ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ. ಅದಕ್ಕೇ ಹೆಚ್ಚಾಗಿ ಬರೋದು ಮುಖದ ಮೇಲೆ: ಮೂಗು, ಕಣ್ಣಿನ ರೆಪ್ಪೆ, ಕಿವಿ, ಹಣೆ. ಬಿಳಿ ಚರ್ಮದ ಜನರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳೋ ಕ್ಯಾನ್ಸರ್ ಇದು. ನಮ್ಮ ಚರ್ಮದಲ್ಲಿ ಮೆಲನಿನ್ ಜಾಸ್ತಿ ಇರೋದರಿಂದ ನಮ್ಮಲ್ಲಿ ಕಡಿಮೆ. ಕಡಿಮೆ ಅಂದ್ರೆ ಇಲ್ಲವೇ ಇಲ್ಲ ಅಂತ ಅಲ್ಲ.

ಇದರ ಸ್ವಭಾವ ಸ್ವಲ್ಪ ವಿಚಿತ್ರ. ಬೇರೆ ಕ್ಯಾನ್ಸರ್‌ಗಳ ಹಾಗೆ ಇದು ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೋ ಮೂಳೆಗೋ ಹೋಗೋದು ತೀರಾ ಅಪರೂಪ. ಹಾಗಾಗಿ ಪ್ರಾಣ ತೆಗೆಯೋದೂ ಅಪರೂಪ. ಆದರೆ ಇದ್ದ ಜಾಗದಲ್ಲೇ ನಿಧಾನವಾಗಿ, ವರ್ಷಗಟ್ಟಲೆ, ಅಕ್ಕಪಕ್ಕದ್ದನ್ನೆಲ್ಲ ತಿನ್ನುತ್ತಾ ಹೋಗುತ್ತೆ. ಮೊದಲು ಚರ್ಮ, ಆಮೇಲೆ ಮೃದ್ವಸ್ಥಿ, ಆಮೇಲೆ ಮೂಳೆ. 1827ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಕಣ್ಣಿನ ವೈದ್ಯ ಆರ್ಥರ್ ಜೇಕಬ್, ರೆಪ್ಪೆಗಳ ಮೇಲೆ ಬರೋ ಇಂಥ ವಿಚಿತ್ರ ಹುಣ್ಣಿನ ಬಗ್ಗೆ ವಿವರವಾಗಿ ಬರೆದರು. ಮುಂದೆ ಅದಕ್ಕೆ 'ರೋಡೆಂಟ್ ಅಲ್ಸರ್' ಅನ್ನೋ ಹೆಸರು ಬಂತು. ಅಂದ್ರೆ ಇಲಿ ಕಡಿದ ಹಾಗೆ ಕೊರೆಯುತ್ತಾ ಹೋಗೋ ಹುಣ್ಣು. ಹೆಸರು ಕೇಳಿದ್ರೇನೇ ಮೈ ಜುಂ ಅನ್ನುತ್ತೆ ಅಲ್ವಾ?

ಇದಕ್ಕೆ ಚಿಕಿತ್ಸೆ ಏನು? ಕತ್ತರಿಸಿ ತೆಗೆಯೋದು. ಸುಲಭ ಅನ್ನಿಸುತ್ತೆ. ಆದ್ರೆ ತೊಡಕು ಇರೋದೇ ಇಲ್ಲಿ. ಮೇಲೆ ನೋಡಿದ್ರೆ ಕಡಲೆಕಾಳಿನಷ್ಟು ಗಂಟು. ಚರ್ಮದ ಕೆಳಗೆ ಮಾತ್ರ ಗರಿಕೆ ಬೇರಿನ ಹಾಗೆ ಯಾವುದೋ ದಿಕ್ಕಿಗೆ ಎಳೆ ಬಿಟ್ಟಿರುತ್ತೆ. ಹೊಲದಲ್ಲಿ ಕೆಲಸ ಮಾಡಿದೋರಿಗೆ ಗೊತ್ತು, ಗರಿಕೆಯನ್ನ ಮೇಲಿಂದ ಕಿತ್ತರೆ ಏನಾಗುತ್ತೆ ಅಂತ. ಮುಂದಿನ ಮಳೆಗೆ ಮತ್ತೆ ಹಾಜರ್.

ಹಾಗಾದ್ರೆ ದೊಡ್ಡದಾಗಿ ಕತ್ತರಿಸಿಬಿಡಿ ಅನ್ನಬಹುದು. ಬೆನ್ನಾದ್ರೆ ಸರಿ. ಕಣ್ಣಿನ ರೆಪ್ಪೆ? ಮೂಗಿನ ತುದಿ? ಅಲ್ಲಿ ಒಂದೊಂದು ಮಿಲಿಮೀಟರೂ ಅಮೂಲ್ಯ. ಕಡಿಮೆ ಕತ್ತರಿಸಿದರೆ ಕ್ಯಾನ್ಸರ್ ಉಳಿಯುತ್ತೆ, ಹೆಚ್ಚು ಕತ್ತರಿಸಿದರೆ ಮುಖ ಉಳಿಯಲ್ಲ. ಈ ರೋಗದ ಚಿಕಿತ್ಸೆಯ ಇತಿಹಾಸ ಪೂರ್ತಿ ಈ ಇಕ್ಕಟ್ಟಿನದ್ದೇ. ಕ್ಯಾನ್ಸರ್ ಎಲ್ಲಿ ಮುಗಿಯುತ್ತೆ, ಅಂಚು ಎಲ್ಲಿದೆ?

ಈಗ ಮುಲಾಮಿನ ವಿಷಯಕ್ಕೆ ಬರೋಣ. ಸುಡೋ ಔಷಧಿ ನಮ್ಮಜ್ಜಿಯ ಸ್ವಂತ ಆವಿಷ್ಕಾರ ಅಲ್ಲ. ಸುಶ್ರುತ ಸಂಹಿತೆಯಲ್ಲೇ ಕ್ಷಾರ ತಯಾರಿಸೋದು, ಅದನ್ನ ಹಚ್ಚಿ ಬೇಡದ ಮಾಂಸವನ್ನ ಕರಗಿಸೋದರ ವಿವರ ಇದೆ. ಯುರೋಪು, ಅಮೆರಿಕದಲ್ಲೂ ಇಂಥ ಮುಲಾಮುಗಳು ತುಂಬಾ ಇದ್ದವು. 1850ರ ದಶಕದಲ್ಲಿ ಜೆ. ವೆಲ್ಡನ್ ಫೆಲ್ ಅನ್ನೋ ಅಮೆರಿಕನ್ ಡಾಕ್ಟರ್ ಲಂಡನ್‌ಗೆ ಬಂದರು. ಅವರ ಹತ್ರ ಕ್ಯಾನ್ಸರ್‌ಗೆ ಒಂದು ಮುಲಾಮು ಇತ್ತು. ಅದರಲ್ಲಿ ಇದ್ದದ್ದು ಮುಖ್ಯವಾಗಿ ಎರಡು. ಒಂದು ಜಿಂಕ್ ಕ್ಲೋರೈಡ್, ಅಂದ್ರೆ ಸುಡುವ ರಾಸಾಯನಿಕ. ಇನ್ನೊಂದು ಬ್ಲಡ್‌ರೂಟ್ ಅನ್ನೋ ಗಿಡದ ಬೇರಿನ ಪುಡಿ. ಉತ್ತರ ಅಮೆರಿಕದ ಕಾಡಿನ ಗಿಡ ಅದು. ಬೇರು ಮುರಿದರೆ ರಕ್ತದ ಹಾಗೆ ಕೆಂಪು ರಸ ಬರುತ್ತೆ, ಅದಕ್ಕೇ ಆ ಹೆಸರು. ಅಲ್ಲಿನ ಮೂಲನಿವಾಸಿಗಳಿಂದ ಈ ಬೇರಿನ ಬಗ್ಗೆ ತಿಳಿಯಿತು ಅಂತ ಫೆಲ್ ಹೇಳಿಕೊಂಡಿದ್ದರು. ಲಂಡನ್‌ನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಅದರ ಪ್ರಯೋಗವೂ ನಡೆಯಿತು. ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ಆ ವಿಧಾನ ನೆಲೆ ನಿಲ್ಲಲಿಲ್ಲ.

ಆಸ್ಪತ್ರೆ ಬಿಟ್ಟ ಮುಲಾಮು ಬೀದಿಗೆ ಬಂತು. ಅಮೆರಿಕದಲ್ಲಿ ಗುಟ್ಟಿನ ಕ್ಯಾನ್ಸರ್ ಮುಲಾಮು ಮಾರೋರು ಹುಟ್ಟಿಕೊಂಡರು. ಚಾಕು ಬೇಡ, ನೋವಿಲ್ಲ, ಗ್ಯಾರಂಟಿ ಗುಣ ಅಂತ ಜಾಹೀರಾತು. ಕಲಿತ ಸರ್ಜನ್‌ಗಳಿಗೆ ಮುಲಾಮು ಅಂದ್ರೇನೇ ಸಿಟ್ಟು ಬರೋ ಹಾಗಾಯ್ತು.

ಇದೇ ಹೊತ್ತಿಗೆ ಇನ್ನೊಂದು ದಾರಿ ತೆರೆಯಿತು. 1895ರ ಕೊನೆಗೆ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದರು. ನಾಲ್ಕೇ ವರ್ಷದಲ್ಲಿ, 1899ರಲ್ಲಿ, ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಥಾರ್ ಸ್ಟೆನ್‌ಬೆಕ್ ಅನ್ನೋ ವೈದ್ಯರು ಒಬ್ಬ ಮಹಿಳೆಯ ಮೂಗಿನ ಮೇಲಿದ್ದ ಇದೇ ಕ್ಯಾನ್ಸರ್‌ಗೆ ಎಕ್ಸ್-ರೇ ಚಿಕಿತ್ಸೆ ಶುರು ಮಾಡಿದರು. ತಿಂಗಳುಗಟ್ಟಲೆ, ಸುಮಾರು 100 ಸಲ ಕಿರಣ ಹಾಯಿಸಿದರು. ಆಕೆ ಗುಣವಾದರು. 30 ವರ್ಷ ಕಳೆದ ಮೇಲೂ ಬದುಕಿದ್ದರು. ರೇಡಿಯೇಷನ್‌ನಿಂದ ಕ್ಯಾನ್ಸರ್ ಗುಣವಾದ ಮೊಟ್ಟಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಆದರೆ ಆ ಕಿರಣಕ್ಕೆ ಎರಡು ಮುಖ. ಮುಂದಿನ ದಶಕಗಳಲ್ಲಿ ತಲೆಯ ಹುಳುಕಡ್ಡಿಗೆ ಅಂತ ಎಕ್ಸ್-ರೇ ಕೊಟ್ಟ ಮಕ್ಕಳಲ್ಲಿ, ದೊಡ್ಡವರಾದ ಮೇಲೆ ಇದೇ ಬೇಸಲ್ ಸೆಲ್ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿತು. ಅದಕ್ಕೇ ಇವತ್ತಿಗೂ ಈ ರೋಗಕ್ಕೆ ರೇಡಿಯೇಷನ್ ಕೊಡೋದು ಹೆಚ್ಚಾಗಿ ವಯಸ್ಸಾದೋರಿಗೆ, ಆಪರೇಷನ್ ತಡ್ಕೊಳ್ಳೋಕೆ ಆಗದೋರಿಗೆ.

ಕಿರಣಕ್ಕೂ ಅದೇ ತೊಡಕು ನೋಡಿ. ಎಲ್ಲಿಯವರೆಗೆ ಹಾಯಿಸಬೇಕು? ಅಂಚು ಕಾಣ್ತಿಲ್ಲ.

ಇಲ್ಲಿಗೆ ನಮ್ಮ ಮೋಸ್ ಬರ್ತಾರೆ. 1910ರಲ್ಲಿ ಹುಟ್ಟಿದ ಹುಡುಗ. 1930ರ ದಶಕದ ಆರಂಭದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ಓದ್ತಾ, ಮೈಕೆಲ್ ಗೈಯರ್ ಅನ್ನೋ ಪ್ರಾಣಿಶಾಸ್ತ್ರದ ಪ್ರೊಫೆಸರ್ ಕೈಕೆಳಗೆ ಸಹಾಯಕನಾಗಿದ್ದರು. ಕೆಲಸ ಏನು? ಇಲಿಗಳ ಗೆಡ್ಡೆಗಳಿಗೆ ಬೇರೆ ಬೇರೆ ರಾಸಾಯನಿಕ ಚುಚ್ಚಿ, ದೇಹ ಹೇಗೆ ಪ್ರತಿಕ್ರಿಯಿಸುತ್ತೆ ಅಂತ ನೋಡೋದು. ಹಾಗೆ ಚುಚ್ಚಿದ್ದರಲ್ಲಿ ಒಂದು ಜಿಂಕ್ ಕ್ಲೋರೈಡ್, ಶೇ 20ರ ದ್ರಾವಣ. ಅದು ಅಂಗಾಂಶವನ್ನ ಕೊಂದಿತು. ಅದೇನೂ ದೊಡ್ಡ ಸುದ್ದಿ ಅಲ್ಲ. ಆದರೆ ಆ ಸತ್ತ ತುಂಡನ್ನ ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಕೋಶಗಳ ಆಕಾರ ಒಂಚೂರೂ ಕೆಟ್ಟಿರಲಿಲ್ಲ. ಲ್ಯಾಬ್‌ನಲ್ಲಿ ಫಾರ್ಮಲಿನ್‌ನಲ್ಲಿ ಅದ್ದಿ ಇಟ್ಟ ಹಾಗೆ, ಎಲ್ಲ ಇದ್ದಲ್ಲೇ ಇತ್ತು.

ಬೇರೆ ಯಾರಾದ್ರೂ ಆಗಿದ್ರೆ ನೋಟ್‌ಬುಕ್‌ನಲ್ಲಿ ಬರೆದು ಮುಂದೆ ಹೋಗ್ತಿದ್ರು. ಮೋಸ್‌ಗೆ ಬೇರೆ ಯೋಚನೆ ಬಂತು. ರೋಗಿಯ ಮೈಮೇಲೆ ಇರುವಾಗಲೇ ಕ್ಯಾನ್ಸರನ್ನ ಹೀಗೆ 'ಫಿಕ್ಸ್' ಮಾಡಿ, ಒಂದು ತೆಳು ಪದರ ತೆಗೆದು, ಅಲ್ಲೇ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ? ಎಲ್ಲಿ ಕ್ಯಾನ್ಸರ್ ಉಳಿದಿದೆಯೋ ಆ ಜಾಗದಲ್ಲಿ ಮಾತ್ರ ಇನ್ನೊಂದು ಪದರ ತೆಗೆದರೆ? ಕೊನೆಗೆ ಏನೂ ಕಾಣದ ಪದರ ಬಂದಾಗ ನಿಲ್ಲಿಸಿದರೆ? ಅಂದಾಜಿನ ಮೇಲೆ ಕತ್ತರಿಸೋದೇ ಬೇಡವಲ್ಲ!

ದ್ರಾವಣ ಹರಿದುಹೋಗುತ್ತೆ, ಹಚ್ಚೋಕೆ ಮುಲಾಮು ಬೇಕು. ಹಲವು ಪುಡಿಗಳನ್ನ ಬೆರೆಸಿ ನೋಡಿ, ಕೊನೆಗೆ ನಿಂತದ್ದು ಹೀಗೆ: ಜಿಂಕ್ ಕ್ಲೋರೈಡ್, ಸ್ಟಿಬ್ನೈಟ್ ಅನ್ನೋ ಖನಿಜದ ಪುಡಿ, ಜೊತೆಗೆ ಬ್ಲಡ್‌ರೂಟ್ ಪುಡಿ. ಹೌದು, 80 ವರ್ಷದ ಹಿಂದೆ ಫೆಲ್ ಬಳಸಿದ್ದ ಅದೇ ಬೇರು! 1936ರಲ್ಲಿ ಮೋಸ್ ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟರು. 1941ರಲ್ಲಿ 440 ರೋಗಿಗಳ ಫಲಿತಾಂಶವನ್ನ ಅಮೆರಿಕದ ಸರ್ಜರಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ವಿಧಾನಕ್ಕೆ 'ಕೀಮೋಸರ್ಜರಿ' ಅಂತ ಹೆಸರಿಟ್ಟರು. ಇವತ್ತಿನ ಕೀಮೋಥೆರಪಿಗೂ ಇದಕ್ಕೂ ಸಂಬಂಧ ಇಲ್ಲ, ಗೊಂದಲ ಬೇಡ.

ಪ್ರಕಟವಾದ ಮೇಲೆ ಹಾರ ತುರಾಯಿ ಸಿಗಲಿಲ್ಲ. ಅನುಮಾನ ಸಿಕ್ಕಿತು. ಯಾಕೆ ಅಂತ ಈಗ ಊಹಿಸಬಹುದು. ಜಿಂಕ್ ಕ್ಲೋರೈಡ್, ಬ್ಲಡ್‌ರೂಟ್, ಕಪ್ಪು ಮುಲಾಮು. ನಕಲಿ ವೈದ್ಯರ ಡಬ್ಬಿಯಲ್ಲಿದ್ದ ಸರಕೇ ಅಲ್ವಾ ಇದು? 'ಮೋಸ್ ಮಾಡ್ತಿರೋದು ಮೋಸ' ಅಂತ ಇಂಗ್ಲಿಷ್‌ನಲ್ಲಿ ಹೇಳೋಕೆ ಬರಲ್ಲ, ಆದ್ರೆ ಭಾವನೆ ಅದೇ. ಮುಲಾಮನ್ನ ಮಾತ್ರ ನೋಡಿದರೆ ಆ ಸರ್ಜನ್‌ಗಳ ಸಿಟ್ಟಿನಲ್ಲಿ ತಪ್ಪೂ ಇರಲಿಲ್ಲ.

ಅವರಿಗೆ ಕಾಣದೇ ಹೋದದ್ದು ಮುಲಾಮಿನ ನಂತರದ ಕೆಲಸ. ಅದನ್ನ ಸ್ವಲ್ಪ ನಿಧಾನವಾಗಿ ವಿವರಿಸ್ತೀನಿ, ಕೇಳಿ.

ಒಂದು ತಟ್ಟೆ ಇಡ್ಲಿ ಅಂದ್ಕೊಳ್ಳಿ. ಅದರ ತಳದಲ್ಲಿ ಎಲ್ಲೋ ಒಂದು ಸಣ್ಣ ಕೂದಲು ಅಂಟಿಕೊಂಡಿದೆ. ಅದನ್ನ ಹುಡುಕಬೇಕು. ಮಾಮೂಲಿ ಪೆಥಾಲಜಿ ವಿಧಾನ ಅಂದ್ರೆ, ಇಡ್ಲಿಯನ್ನ ಬ್ರೆಡ್ ಹೋಳಿನ ಹಾಗೆ ಮೇಲಿಂದ ಕೆಳಕ್ಕೆ ನಾಲ್ಕಾರು ಕಡೆ ಕತ್ತರಿಸಿ, ಆ ಹೋಳುಗಳ ಮುಖ ಮಾತ್ರ ನೋಡೋದು. ಕೂದಲು ಎರಡು ಹೋಳಿನ ನಡುವೆ ಇದ್ದರೆ? ಕಾಣಲ್ಲ. ಹೀಗೆ ನೋಡಿದಾಗ ಕಣ್ಣಿಗೆ ಬೀಳೋದು ಒಟ್ಟು ಅಂಚಿನ ಶೇ 1ಕ್ಕಿಂತ ಕಡಿಮೆ ಭಾಗ. ಮೋಸ್ ಮಾಡಿದ್ದೇನು? ಇಡ್ಲಿಯ ತಳ ಮತ್ತು ಸುತ್ತಲಿನ ಬದಿ ಎರಡನ್ನೂ ಒಂದೇ ಸಮತಟ್ಟಾಗಿ ಬಿಡಿಸಿಟ್ಟು, ಆ ಇಡೀ ಮೈಯನ್ನ ಒಂದು ತೆಳು ಪದರವಾಗಿ ಸವರಿ ನೋಡಿದರು. ಆಗ ಇಡೀ ಅಂಚು ಕಾಣುತ್ತೆ. ಎಲ್ಲೂ ಬಿಟ್ಟುಹೋಗಲ್ಲ.

ಆಮೇಲೆ ನಕ್ಷೆ. ತುಂಡನ್ನ ತೆಗೆಯೋ ಮುಂಚೆ ಮುಖದ ಮೇಲೆ ಗುರುತು, ತುಂಡಿನ ಅಂಚುಗಳಿಗೆ ಬೇರೆ ಬೇರೆ ಬಣ್ಣ, ಕಾಗದದ ಮೇಲೆ ಅದರದ್ದೇ ಚಿತ್ರ. ಮೈಕ್ರೋಸ್ಕೋಪ್‌ನಲ್ಲಿ ಕ್ಯಾನ್ಸರ್ ಎಳೆ ಕಂಡರೆ ನಕ್ಷೆಯಲ್ಲಿ ಆ ಜಾಗಕ್ಕೆ ಕೆಂಪು ಗುರುತು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳೋದಾದ್ರೆ, ನಾಲ್ಕು ಗಂಟೆ ದಿಕ್ಕಿನಲ್ಲಿ ಉಳಿದಿದೆ ಅಂತ ಗೊತ್ತಾದರೆ ಅಲ್ಲಿ ಮಾತ್ರ ಮತ್ತೆ ತೆಗಿ. ಉಳಿದ ಒಳ್ಳೆ ಚರ್ಮವನ್ನ ಮುಟ್ಟಬೇಡ. ಕತ್ತರಿಸೋರೂ ಅವರೇ, ಮೈಕ್ರೋಸ್ಕೋಪ್ ನೋಡೋರೂ ಅವರೇ. ಹಾಗಾಗಿ ಒಬ್ಬರು ಹೇಳಿ ಇನ್ನೊಬ್ಬರು ತಪ್ಪು ತಿಳಿಯೋ ಮಾತೇ ಇಲ್ಲ.

ಆದರೆ ರೋಗಿಗೆ ಇದು ಸುಲಭ ಇರಲಿಲ್ಲ. ಮುಲಾಮು ಹಚ್ಚಿ, ಪಟ್ಟಿ ಕಟ್ಟಿ, ಒಂದು ದಿನ ಕಾಯಬೇಕು. ನೋವು, ಬಾವು. ಮಾರನೇ ದಿನ ಒಂದು ಪದರ ತೆಗೆದು ನೋಡಿ, ಉಳಿದಿದ್ದರೆ ಮತ್ತೆ ಮುಲಾಮು. ಮತ್ತೆ ಒಂದು ದಿನ. ಹೀಗೆ ಕೆಲವರಿಗೆ ದಿನಗಟ್ಟಲೆ ನಡೆಯೋದು.

ಇದನ್ನ ಬದಲಿಸಿದ್ದು ಒಂದು ಸಿನಿಮಾ ಶೂಟಿಂಗ್ ಅಂದ್ರೆ ನಂಬ್ತೀರಾ? 1953ರಲ್ಲಿ ಮೋಸ್ ತಮ್ಮ ವಿಧಾನದ ಬಗ್ಗೆ ಒಂದು ತರಬೇತಿ ಚಿತ್ರ ತೆಗೆಸ್ತಾ ಇದ್ದರು. ರೋಗಿಗೆ ಕಣ್ಣಿನ ರೆಪ್ಪೆಯ ಮೇಲೆ ಕ್ಯಾನ್ಸರ್. ಮೊದಲ ಪದರ ತೆಗೆದಾಯ್ತು, ಇನ್ನೂ ಉಳಿದಿದೆ. ಮತ್ತೆ ಮುಲಾಮು ಹಚ್ಚಿದರೆ ಶೂಟಿಂಗ್ ನಾಳೆಗೆ ಹೋಗುತ್ತೆ. ಕಾಯೋ ಬದಲು ಅವರು ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು, ಮುಲಾಮೇ ಇಲ್ಲದೆ ಮುಂದಿನ ಪದರ ತೆಗೆದರು. ತುಂಡನ್ನ ಐಸ್‌ನಂತೆ ಗಟ್ಟಿ ಮಾಡಿ ಸೀಳಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಎಲ್ಲ ಸರಿಯಾಗೇ ಕಂಡಿತು. ಅಲ್ಲಿಂದ ರೆಪ್ಪೆಯ ಕ್ಯಾನ್ಸರ್‌ಗಳಿಗೆ ಮುಲಾಮಿಲ್ಲದ ವಿಧಾನ ಬಳಸತೊಡಗಿದರು.

ಉಳಿದ ಜಾಗಗಳಿಗೆ ಮುಲಾಮು ಬಿಡೋಕೆ ಇನ್ನೂ ಸಮಯ ಹಿಡಿಯಿತು. ಸ್ಯಾನ್ ಫ್ರಾನ್ಸಿಸ್ಕೋದ ಥಿಯೋಡರ್ ಟ್ರೊಮೊವಿಚ್ 1970ರಲ್ಲಿ ಮುಲಾಮಿಲ್ಲದೆ ಮಾಡಿದ ತಮ್ಮ ಕೇಸುಗಳನ್ನ ಸಹೋದ್ಯೋಗಿಗಳ ಮುಂದೆ ಇಟ್ಟರು. 1974ರಲ್ಲಿ ಅವರು ಮತ್ತು ಸ್ಯಾಮ್ಯುಯಲ್ ಸ್ಟೆಗ್‌ಮನ್ ಅದನ್ನ ಪ್ರಕಟಿಸಿದರು. ನಿಧಾನಕ್ಕೆ ಮುಲಾಮು ಮೂಲೆಗೆ ಹೋಯಿತು. ದಿನಗಟ್ಟಲೆ ಹಿಡೀತಿದ್ದ ಕೆಲಸ ಒಂದೇ ದಿನಕ್ಕೆ ಇಳಿಯಿತು. ಬ್ಲಡ್‌ರೂಟ್ ಹೋಯ್ತು, ಜಿಂಕ್ ಕ್ಲೋರೈಡ್ ಹೋಯ್ತು. ಉಳಿದದ್ದು ಏನು ಹೇಳಿ? ನಕ್ಷೆ ಮತ್ತು ಮೈಕ್ರೋಸ್ಕೋಪ್. ಮೋಸ್ ನಿಜವಾಗಿ ಕಂಡುಹಿಡಿದದ್ದು ಅದೇ ಅಂತ ಆಗ ಎಲ್ಲರಿಗೂ ಗೊತ್ತಾಯ್ತು. 2002ರಲ್ಲಿ ಅವರು ತೀರಿಕೊಳ್ಳೋ ಹೊತ್ತಿಗೆ ಪ್ರಪಂಚದ ಎಷ್ಟೋ ಕಡೆ ಈ ಆಪರೇಷನ್‌ಗೆ 'ಮೋಸ್ ಸರ್ಜರಿ' ಅನ್ನೋದೇ ಹೆಸರಾಗಿತ್ತು.

ಇಷ್ಟೆಲ್ಲ ಮಾಡಿದ್ದಕ್ಕೆ ಲಾಭ ಆಯ್ತಾ? ನೆದರ್ಲೆಂಡ್ಸ್‌ನಲ್ಲಿ ಮುಖದ ಮೇಲಿನ ಬೇಸಲ್ ಸೆಲ್ ಕ್ಯಾನ್ಸರ್ ಇದ್ದವರನ್ನ ಎರಡು ಗುಂಪು ಮಾಡಿ, 10 ವರ್ಷ ಹಿಂಬಾಲಿಸಿ ನೋಡಿದರು. ಮೊದಲ ಸಲ ಬಂದ ಗಂಟುಗಳಲ್ಲಿ, ಮಾಮೂಲಿ ಆಪರೇಷನ್ ಆದ ಮೇಲೆ ಶೇ 12.2ರಷ್ಟು ಮರಳಿ ಬಂದವು, ಮೋಸ್ ವಿಧಾನದಲ್ಲಿ ಶೇ 4.4. ಆದರೆ ಈ ವ್ಯತ್ಯಾಸ ಕಾಕತಾಳೀಯ ಇರಬಹುದು ಅನ್ನೋದನ್ನ ಪೂರ್ತಿ ತಳ್ಳಿಹಾಕೋಕೆ ಆಗಲಿಲ್ಲ. ಈ ಮೊದಲೇ ಒಂದು ಸಲ ಚಿಕಿತ್ಸೆ ಆಗಿ ಮರಳಿ ಬಂದಿದ್ದ ಗಂಟುಗಳಲ್ಲಿ ಮಾತ್ರ ಚಿತ್ರ ಸ್ಪಷ್ಟ: ಮಾಮೂಲಿ ಆಪರೇಷನ್‌ನಲ್ಲಿ ಶೇ 13.5, ಮೋಸ್ ವಿಧಾನದಲ್ಲಿ ಶೇ 3.9. ಅಂದ್ರೆ ಒಂದು ಸಲ ಅಂಚು ತಪ್ಪಿದ ಮೇಲೆ ಅದನ್ನ ಹುಡುಕೋದು ಎಷ್ಟು ಕಷ್ಟ ಅಂತ ಇದರಲ್ಲೇ ಗೊತ್ತಾಗುತ್ತೆ.

ಸರಿ, ಮೂಗಿನಿಂದ ಕ್ಯಾನ್ಸರ್ ತೆಗೆದಾಯ್ತು. ಈಗ ಅಲ್ಲೊಂದು ಹಳ್ಳ ಇದೆ. ಅದನ್ನ ಮುಚ್ಚೋದು ಹೇಗೆ? ಇಲ್ಲಿ ಕಥೆ ವಿಸ್ಕಾನ್ಸಿನ್‌ನಿಂದ ನೇರ ನಮ್ಮ ಕಡೆಗೆ ಬರುತ್ತೆ. 1794ರ ಅಕ್ಟೋಬರ್‌ನಲ್ಲಿ ಲಂಡನ್‌ನ 'ಜಂಟಲ್‌ಮನ್ಸ್ ಮ್ಯಾಗಜಿನ್'ನಲ್ಲಿ ಒಂದು ಪತ್ರ ಅಚ್ಚಾಯಿತು. ಅದರಲ್ಲಿದ್ದದ್ದು ಕೋವಾಸ್‌ಜೀ ಅನ್ನೋ ಮರಾಠ ಎತ್ತಿನ ಗಾಡಿಯವನ ಕಥೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಸಾಮಾನು ಹೊರುತ್ತಿದ್ದವನು. ಆ ಪತ್ರದ ಪ್ರಕಾರ ಅವನು ಟಿಪ್ಪು ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಮುಂದೆ ಪುಣೆ ಕಡೆಯ ಒಬ್ಬ ಕಸುಬುದಾರ, ಅವನ ಹಣೆಯ ಚರ್ಮವನ್ನ ಮೂಗಿನ ಅಳತೆಗೆ ಕತ್ತರಿಸಿ, ಬುಡ ಮಾತ್ರ ಹುಬ್ಬಿನ ಹತ್ರ ಬಿಟ್ಟು, ಕೆಳಕ್ಕೆ ತಿರುಗಿಸಿ ಹೊಸ ಮೂಗು ಮಾಡಿದ. ಆ ಕಸುಬುದಾರನ ಹೆಸರು ಕೂಡ ಆ ಪತ್ರದಲ್ಲಿ ಇಲ್ಲ. ಆದರೆ ಅದನ್ನ ಓದಿದ ಲಂಡನ್ ಸರ್ಜನ್ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಆಪರೇಷನ್ ಮಾಡಿ, 1816ರಲ್ಲಿ ಪುಸ್ತಕ ಬರೆದರು. ಯುರೋಪಿನಲ್ಲಿ ಅದಕ್ಕೆ 'ಇಂಡಿಯನ್ ವಿಧಾನ' ಅನ್ನೋ ಹೆಸರೇ ನಿಂತಿತು. ಇವತ್ತು ಮೋಸ್ ಸರ್ಜರಿ ಆಗಿ ಮೂಗಿನಲ್ಲಿ ದೊಡ್ಡ ಹಳ್ಳ ಉಳಿದರೆ, ಸರ್ಜನ್‌ಗಳು ನೆಚ್ಚಿಕೊಳ್ಳೋದು ಅದೇ ಹಣೆಯ ಚರ್ಮವನ್ನ.

ಇನ್ನೊಂದು ಪರಿಸ್ಥಿತಿ ಇದೆ. ಚಾಕು ತಲುಪದಷ್ಟು ಕ್ಯಾನ್ಸರ್ ಬೆಳೆದುಬಿಟ್ಟಿದ್ದರೆ? ಕಣ್ಣಿನ ಹಿಂದೆ ಹೋಗಿದ್ದರೆ? ಅಪರೂಪಕ್ಕೆ ದೇಹದಲ್ಲಿ ಹರಡಿದ್ದರೆ? ಆಗ ಮಾತ್ರೆ ಇದೆ. ಅದು ಬಂದ ದಾರಿ ಇನ್ನೂ ವಿಚಿತ್ರ, ಚುಟುಕಾಗಿ ಹೇಳ್ತೀನಿ.

1950ರ ದಶಕ. ಅಮೆರಿಕದ ಐಡಾಹೊ ರಾಜ್ಯದ ಬೆಟ್ಟಗಳಲ್ಲಿ ಕುರಿಗಳು ಒಂಟಿಕಣ್ಣಿನ ಮರಿಗಳನ್ನ ಈಯತೊಡಗಿದವು. ಹಣೆಯ ನಡುವೆ ಒಂದೇ ಕಣ್ಣು. ಸರ್ಕಾರದ ಕೃಷಿ ವಿಜ್ಞಾನಿಗಳು ಹುಡುಕಿದಾಗ ಸಿಕ್ಕಿದ್ದು ಒಂದು ಕಾಡು ಗಿಡ, ಕಾರ್ನ್ ಲಿಲಿ. ಗಬ್ಬದ ಕುರಿ ಸುಮಾರು 14ನೇ ದಿನಕ್ಕೆ ಅದನ್ನ ಮೇಯ್ದರೆ ಮರಿ ಹೀಗಾಗುತ್ತೆ. ಅದರೊಳಗಿನ ವಿಷಕ್ಕೆ 'ಸೈಕ್ಲೋಪಮೈನ್' ಅಂತ ಹೆಸರಿಟ್ಟರು. ಗ್ರೀಕ್ ಕಥೆಗಳ ಒಂಟಿಕಣ್ಣಿನ ರಾಕ್ಷಸ ಸೈಕ್ಲಾಪ್ಸ್ ಹೆಸರದು. ಅದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾಗೋಕೆ ದಶಕಗಳೇ ಬೇಕಾದವು.

ಅತ್ತ 1980ರಲ್ಲಿ ಹಣ್ಣಿನ ನೊಣದ ಮೇಲೆ ಕೆಲಸ ಮಾಡ್ತಿದ್ದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಷೌಸ್ ಕೆಲವು ಜೀನ್‌ಗಳನ್ನ ಗುರುತಿಸಿದರು. ಅದರಲ್ಲೊಂದು ಕೆಟ್ಟರೆ ಮರಿಹುಳದ ಮೈ ತುಂಬಾ ಮುಳ್ಳು. ಅದಕ್ಕೆ 'ಹೆಡ್ಜ್‌ಹಾಗ್' ಅಂದರು, ಅಂದ್ರೆ ಮುಳ್ಳಿನ ಮೈಯ ಪುಟ್ಟ ಪ್ರಾಣಿ. 1993ರಲ್ಲಿ ಅದರ ಇನ್ನೊಂದು ರೂಪಕ್ಕೆ ವಿಡಿಯೊ ಗೇಮ್ ನೋಡಿ 'ಸಾನಿಕ್ ಹೆಡ್ಜ್‌ಹಾಗ್' ಅಂತಲೇ ಹೆಸರಿಟ್ಟರು! ಭ್ರೂಣದಲ್ಲಿ ಮುಖ ಎಡ–ಬಲ ಅಂತ ಎರಡಾಗಿ ರೂಪುಗೊಳ್ಳೋಕೆ ಈ ಸಂಕೇತ ಬೇಕು. ಸೈಕ್ಲೋಪಮೈನ್ ಅದನ್ನ ನಿಲ್ಲಿಸುತ್ತೆ, ಅದಕ್ಕೇ ಒಂದೇ ಕಣ್ಣು. 1996ರಲ್ಲಿ ಇನ್ನೊಂದು ಕೊಂಡಿ ಸಿಕ್ಕಿತು. ಮೈತುಂಬಾ ಬೇಸಲ್ ಸೆಲ್ ಕ್ಯಾನ್ಸರ್ ಬರೋ ಒಂದು ವಂಶವಾಹಿ ಕಾಯಿಲೆಯಲ್ಲಿ, ಇದೇ ಸಂಕೇತಕ್ಕೆ ಬ್ರೇಕ್ ಹಾಕೋ ಜೀನ್ ಕೆಟ್ಟಿರುತ್ತೆ ಅಂತ. ಅಂದ್ರೆ ಭ್ರೂಣದಲ್ಲಿ ಮುಖ ಕಟ್ಟೋ ಸಂಕೇತವೇ ದೊಡ್ಡವರ ಚರ್ಮದಲ್ಲಿ ಕ್ಯಾನ್ಸರ್ ಬೆಳೆಸುತ್ತೆ. ಹಾಗಾದ್ರೆ ಕುರಿಮರಿಯ ಮುಖ ಕೆಡಿಸಿದ ಅದೇ ದಾರಿಯನ್ನ ಮುಚ್ಚೋ ಮದ್ದು ಈ ಕ್ಯಾನ್ಸರ್‌ಗೆ ಆಗಬಹುದಲ್ಲ?

ಆಯ್ತು. 2012ರ ಜನವರಿಯಲ್ಲಿ ವಿಸ್ಮೊಡೆಗಿಬ್ ಅನ್ನೋ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮುಂದೆ ಸೊನಿಡೆಗಿಬ್ ಬಂತು. ಈ ಮಾತ್ರೆಗಳಿಗೆ ಅಡ್ಡ ಪರಿಣಾಮ ಇದೆ. ಸ್ನಾಯು ಸೆಳೆತ, ಕೂದಲು ಉದುರೋದು, ನಾಲಿಗೆಗೆ ರುಚಿ ಗೊತ್ತಾಗದೇ ಹೋಗೋದು. ಗರ್ಭಿಣಿಯರಂತೂ ಮುಟ್ಟಲೇಬಾರದು. ಕಾರಣ ಆ ಕುರಿಗಳು ಆಗಲೇ ಹೇಳಿವೆ.

ಇವತ್ತು ಒಬ್ಬರಿಗೆ ಈ ರೋಗ ಇದೆ ಅಂತ ಬಯಾಪ್ಸಿಯಲ್ಲಿ ಗೊತ್ತಾದರೆ, ಡಾಕ್ಟರ್ ಮುಂದೆ ಹಲವು ದಾರಿಗಳಿವೆ. ಸಣ್ಣ ಗಂಟಿಗೆ ಸುತ್ತ ಸುಮಾರು 4 ಮಿಲಿಮೀಟರ್ ಒಳ್ಳೆ ಚರ್ಮ ಸೇರಿಸಿ ಕತ್ತರಿಸಿ, ಅಂಚನ್ನ ಪೆಥಾಲಜಿಗೆ ಕಳಿಸೋದು. ಮೂಗು, ರೆಪ್ಪೆ, ಕಿವಿಯ ಹತ್ರ ಇದ್ದರೆ, ಅಥವಾ ಮರಳಿ ಬಂದಿದ್ದರೆ, ಮೋಸ್ ಸರ್ಜರಿ. ಬೆನ್ನು, ತೋಳಿನ ಮೇಲಿನ ಸಣ್ಣ ಗಂಟನ್ನ ಕೆರೆದು ಕರೆಂಟಿನಿಂದ ಸುಡೋದು. ಮೇಲ್ಪದರದಲ್ಲೇ ಇರೋದಕ್ಕೆ ಇಮಿಕ್ವಿಮೋಡ್‌ನಂಥ ಕ್ರೀಮ್. ಕ್ರೀಮ್ ಕೆಲಸ ಮಾಡುತ್ತೆ, ಆದರೆ ಬ್ರಿಟನ್‌ನ ಒಂದು ಅಧ್ಯಯನದಲ್ಲಿ ಅಪಾಯ ಕಡಿಮೆ ಇರೋ ಗಂಟುಗಳನ್ನ 5 ವರ್ಷ ನೋಡಿದಾಗ ಆಪರೇಷನ್ ಶೇ 97.7ರಷ್ಟು ಯಶಸ್ವಿ, ಕ್ರೀಮ್ ಶೇ 82.5. ಚಾಕು ಆಗದೋರಿಗೆ ರೇಡಿಯೇಷನ್. ಅದೂ ಮೀರಿದ್ದರೆ ಮಾತ್ರೆ. ಅದಕ್ಕೂ ಜಗ್ಗದಿದ್ದರೆ 2021ರಿಂದ ಸೆಮಿಪ್ಲಿಮ್ಯಾಬ್ ಅನ್ನೋ ಇಮ್ಯುನೊಥೆರಪಿ. ಯಾವುದು ಯಾರಿಗೆ ಅನ್ನೋದನ್ನ ಚರ್ಮದ ಡಾಕ್ಟರ್ರೇ ಹೇಳಬೇಕು, ಪಾಡ್‌ಕಾಸ್ಟ್ ಅಲ್ಲ.

ಇನ್ನು ನಮ್ಮ ಫೋನಿನ ವಿಷಯ. ಆ ಹಳೇ ಮುಲಾಮು ಸತ್ತಿಲ್ಲ ಗೊತ್ತಾ? 'ಬ್ಲ್ಯಾಕ್ ಸಾಲ್ವ್' ಅನ್ನೋ ಹೆಸರಲ್ಲಿ ಇಂಟರ್‌ನೆಟ್‌ನಲ್ಲಿ ಈಗಲೂ ಮಾರ್ತಾರೆ. ಅದೇ ಜಿಂಕ್ ಕ್ಲೋರೈಡ್, ಅದೇ ಬ್ಲಡ್‌ರೂಟ್. ಬಳಸಬೇಡಿ ಅಂತ ಅಮೆರಿಕದ ಎಫ್‌ಡಿಎ ಎಚ್ಚರಿಸಿದೆ. ಮಾರೋರು ಕೆಲವರು ಮೋಸ್ ಹೆಸರನ್ನೂ ಎಳೆದು ತರ್ತಾರೆ, ಇಷ್ಟು ದೊಡ್ಡ ಡಾಕ್ಟರೇ ಬಳಸಿದ್ರು ಅಂತ. ಬಳಸಿದ್ದು ನಿಜ. ಆದರೆ ಅವರು ಮುಲಾಮಿನ ಜೊತೆ ಮೈಕ್ರೋಸ್ಕೋಪ್ ಇಟ್ಟುಕೊಂಡಿದ್ದರು. ಅದಿಲ್ಲದ ಮುಲಾಮು ಮೇಲಿನ ಗಂಟನ್ನ ಸುಟ್ಟು ಉದುರಿಸುತ್ತೆ. ಮೇಲೆ ಹೊಸ ಚರ್ಮ ಮುಚ್ಚಿಕೊಳ್ಳುತ್ತೆ. ಎಲ್ಲ ಗುಣವಾದ ಹಾಗೆ ಕಾಣುತ್ತೆ. ಅದರ ಕೆಳಗೆ ಗರಿಕೆ ಬೇರು ಸದ್ದಿಲ್ಲದೆ ಬೆಳೀತಾ ಇರುತ್ತೆ, ವರ್ಷಗಟ್ಟಲೆ.

ಸುಣ್ಣ–ಸೋಡಾಕ್ಕೂ ಇದೇ ಮಾತು ಅನ್ವಯ. ನಮ್ಮ ಬಣ್ಣದ ಚರ್ಮದಲ್ಲಿ ಒಂದು ಹೆಚ್ಚುವರಿ ತೊಂದರೆ ಇದೆ. ಬಿಳಿ ಚರ್ಮದಲ್ಲಿ ಈ ಗಂಟು ಗುಲಾಬಿ ಬಣ್ಣದಲ್ಲಿ ಮುತ್ತಿನ ಹಾಗೆ ಹೊಳೆಯುತ್ತೆ. ನಮ್ಮಲ್ಲಿ ಅದು ಎಷ್ಟೋ ಸಲ ಕಪ್ಪಾಗಿ, ಥೇಟ್ ಮಚ್ಚೆಯ ಹಾಗೆ ಕಾಣುತ್ತೆ. 'ಅದೃಷ್ಟದ ಮಚ್ಚೆ' ಅಂತ ಸುಮ್ಮನಿರ್ತೀವಿ, ಇಲ್ಲಾ ಸುಟ್ಟುಬಿಡ್ತೀವಿ. ಎರಡೂ ಬೇಡ. ಅಜ್ಜಿ, ತಾತ, ಬಿಸಿಲಲ್ಲಿ ದುಡಿಯೋ ಅಪ್ಪ, ಯಾರ ಮುಖದ ಮೇಲಾದರೂ ಹೊಸದಾಗಿ ಬಂದ ಹೊಳೆಯೋ ಕಪ್ಪು ಗಂಟು, ನಿಧಾನಕ್ಕೆ ಬೆಳೀತಾ ಇದ್ದರೆ, ಅಥವಾ ರಕ್ತ ಬಂದು ಹಕ್ಕಳೆ ಕಟ್ಟಿ ವಾಸಿಯಾಗಿ ಮತ್ತೆ ರಕ್ತ ಬರ್ತಾ ಇದ್ದರೆ, ಚರ್ಮದ ಡಾಕ್ಟರಿಗೆ ತೋರಿಸಿ. ಬೇಗ ಬಂದರೆ ಇದು ಅರ್ಧ ಗಂಟೆಯ ಸಣ್ಣ ಆಪರೇಷನ್‌ನಲ್ಲಿ ಮುಗಿಯೋ ಕ್ಯಾನ್ಸರ್. ತಡ ಮಾಡಿದರೆ ಮೂಗು ಹೋಗುತ್ತೆ, ಕಣ್ಣು ಹೋಗುತ್ತೆ.

ಮೋಸ್ ಸರ್ಜರಿ ನಮ್ಮಲ್ಲಿ ಎಲ್ಲ ಊರಲ್ಲೂ ಸಿಗಲ್ಲ, ನಿಜ. ಎಲ್ಲರಿಗೂ ಅದು ಬೇಕಾಗಲ್ಲ ಕೂಡ. ಆದರೆ ಮೋಸ್ ಕೇಳಿದ ಪ್ರಶ್ನೆಯನ್ನ ಯಾವ ಊರಲ್ಲಾದರೂ, ಯಾವ ಆಸ್ಪತ್ರೆಯಲ್ಲಾದರೂ ಕೇಳಬಹುದು. ಗಂಟು ತೆಗೆದ ಮೇಲೆ ಪೆಥಾಲಜಿ ರಿಪೋರ್ಟ್ ಕೈಗೆ ಬಂದಾಗ, ಅಜ್ಜಿಯ ಪಕ್ಕ ಕೂತಿರೋ ಮೊಮ್ಮಗ ನೀವಾಗಿರಬಹುದು, ಮೊಮ್ಮಗಳು ನೀವಾಗಿರಬಹುದು. ಡಾಕ್ಟರ್ ಹತ್ರ ಒಂದೇ ಮಾತು ಕೇಳಿ:

"ಡಾಕ್ಟರ್, ಅಂಚು ಕ್ಲಿಯರ್ ಇದ್ಯಾ?"

ಇವತ್ತಿಗೆ ಇಷ್ಟು. ಈ ಕಂತನ್ನ ಮನೆಯ ದೊಡ್ಡವರಿಗೂ ಕೇಳಿಸಿ. ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗ್ತೀನಿ. ಅಲ್ಲಿವರೆಗೆ ಹೊರಗೆ ಹೋಗುವಾಗ ತಲೆಗೊಂದು ಟೋಪಿ ಇರಲಿ. ನಮಸ್ಕಾರ.